ಒಂದೇ ಹಂಡೆ, ಒಂದು ಪರದೆ ಬಟ್ಟೆ

ಆಸ್ಟ್ರೇಲಿಯಾದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವುದು ಅರ್ಧ ಶತಮಾನದಿಂದ ಬೇರುಬಿಟ್ಟ ಹವ್ಯಾಸ. 1970ರ ದಶಕದ ಆರಂಭದಲ್ಲಿ ಗಫ್ ವಿಟ್ಲಂ ಸರ್ಕಾರ ಇದರ ಮೇಲಿದ್ದ ನಿರ್ಬಂಧಗಳನ್ನು ತೆಗೆದುಹಾಕಿದ ಮೇಲೆ ಹೆಚ್ಚಿನವರು ಹಿಡಿದದ್ದು ಡಬ್ಬಿಯ ದಾರಿ. 1862ರಲ್ಲಿ ಶುರುವಾದ ಅಡಿಲೇಡಿನ ಕೂಪರ್ಸ್ ಕಂಪನಿ ಮಾರುವ 1.7 ಕೆ.ಜಿ. ಡಬ್ಬಿಯಲ್ಲಿ ಹಾಪ್ಸ್ ಎಂಬ ಹೂವಿನ ಕಹಿ ಸೇರಿಸಿ ಗಟ್ಟಿಯಾಗಿ ಬತ್ತಿಸಿದ ಮಾಲ್ಟ್ ರಸ ಇರುತ್ತದೆ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದು ಕೆ.ಜಿ. ಸಕ್ಕರೆ ಬೆರೆಸಿ, ತಣ್ಣೀರು ತುಂಬಿ, ಮೇಲೆ ಯೀಸ್ಟ್ ಉದುರಿಸಿದರೆ ಕೆಲಸ ಮುಗಿಯಿತು. ಡಬ್ಬಿಯನ್ನು ಬಿಟ್ಟು ಬಾರ್ಲಿ ಕಾಳಿನಿಂದಲೇ ಬಿಯರ್ ಮಾಡಬೇಕೆಂದವರಿಗೆ ಪುಸ್ತಕಗಳು ತೋರಿಸುತ್ತಿದ್ದ ಚಿತ್ರವೇ ಬೇರೆ: ನೀರು ಕಾಯಿಸಲು ಒಂದು ಪಾತ್ರೆ, ಕಾಳು ನೆನೆಸಲು ತಳದಲ್ಲಿ ಜಾಲರಿಯಿರುವ ಇನ್ನೊಂದು, ರಸ ಕುದಿಸಲು ಮತ್ತೊಂದು, ಇವುಗಳ ನಡುವೆ ಕೊಳವೆ, ನಲ್ಲಿ, ಪಂಪು. ಕಾಳಿನ ಬಿಯರ್ ಎಂದರೆ ವರ್ಷಗಟ್ಟಲೆ ಪಳಗಿದವರ ಕೆಲಸ ಎಂಬ ನಂಬಿಕೆ ಹುಟ್ಟಿದ್ದು ಈ ಚಿತ್ರದಿಂದ. 2006ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳೇ ಅದನ್ನು ಬದಲಾಯಿಸಿದರು. ಒಂದೇ ದೊಡ್ಡ ಹಂಡೆಯೊಳಗೆ ತೆಳುಬಟ್ಟೆಯ ಚೀಲ ಹರಡಿ, ಬೇಕಾದ ಅಷ್ಟೂ ನೀರನ್ನು ಒಮ್ಮೆಲೇ ಹಾಕಿ, ಕಾಳನ್ನು ಚೀಲದಲ್ಲಿ ನೆನೆಸಿ, ಹೊತ್ತಾದ ಮೇಲೆ ಚೀಲ ಎತ್ತಿ, ಉಳಿದ ರಸವನ್ನು ಅದೇ ಹಂಡೆಯಲ್ಲಿ ಕುದಿಸುವುದು ಅವರ ವಿಧಾನ. ಇದನ್ನು ಹಣವಿಲ್ಲದವರ ಅಗ್ಗದ ಬದಲಿ ಎಂದು ಈಗಲೂ ಹಲವರು ಎಣಿಸುತ್ತಾರೆ. ನನ್ನ ವಾದ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಮನೆಯ ಅಳತೆಗೆ ಇದೇ ಸರಿಯಾದ ವಿಧಾನ. ಕಾಳಿನಿಂದ ಬಿಯರ್ ಮಾಡಬೇಕೆನ್ನುವ ಹೊಸಬರು ನೇರವಾಗಿ ಇಲ್ಲಿಂದಲೇ ಶುರುಮಾಡಬೇಕು.

ಕರ್ನಾಟಕದ ಓದುಗರಿಗೆ ಇಲ್ಲಿ ಮೊದಲು ಏಳುವ ಪ್ರಶ್ನೆ ಕಾನೂನಿನದು, ಅದನ್ನು ದಾಟಿ ಮುಂದೆ ಹೋಗುವಂತಿಲ್ಲ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರ್‌ಗೆ ಬೇಕಿದ್ದ ಲೈಸೆನ್ಸ್ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆ ಬಿಯರ್‌ಗೆ ಒಕ್ಕೂಟದ ಮಟ್ಟದಲ್ಲಿ ತೆರಿಗೆ ವಿನಾಯಿತಿ ಕೊಟ್ಟಿತು. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಲು 2013ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವುದೇ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ತಲೆಯೆತ್ತಿರುವ ಮೈಕ್ರೊಬ್ರೂವರಿಗಳು ಆ ಲೈಸೆನ್ಸ್ ಪಡೆದೇ ನಡೆಯುತ್ತವೆ. ಹಾಗಾಗಿ ಮುಂದೆ ಹೇಳುವ ವಿಧಾನ ಮೆಲ್ಬರ್ನ್, ಸಿಡ್ನಿ, ಲಂಡನ್‌ಗಳಲ್ಲಿ ನೆಲೆಸಿದ ಕನ್ನಡಿಗರು ಮಾಡಿ ನೋಡಬಹುದಾದದ್ದು. ಊರಿನಲ್ಲಿರುವವರು ಓದಿ ತಿಳಿಯಬಹುದಾದದ್ದು. ಇನ್ನೊಂದು ಪ್ರಶ್ನೆ ಭಯದ್ದು. ಮನೆಯಲ್ಲಿ ಮಾಡಿದ ಮದ್ಯ ಎಂದೊಡನೆ ನಮ್ಮಲ್ಲಿ ಕಳ್ಳಬಟ್ಟಿಯ ನೆನಪಾಗುವುದು ಸಹಜ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಥ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಮದ್ಯಕ್ಕೆ ಬೆರೆಸಿದ ಕೈಗಾರಿಕಾ ಮೆಥನಾಲ್. ಬಿಯರ್‌ನಲ್ಲಿ ಹಾಗೆ ಬೆರೆಸುವುದೂ ಇಲ್ಲ, ಭಟ್ಟಿ ಇಳಿಸುವುದೂ ಇಲ್ಲ. ಹುದುಗುವಾಗ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಸಿಪ್ಪೆಗಳಲ್ಲಿರುವ ಪೆಕ್ಟಿನ್‌ನಿಂದ, ಬಾರ್ಲಿಯಲ್ಲಿ ಅದು ತೀರಾ ಕಡಿಮೆ. ಆದರೆ ಮದ್ಯ ಮದ್ಯವೇ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಮಾಡಿದ್ದಕ್ಕೂ ಆ ಮಾತು ಅನ್ವಯಿಸುತ್ತದೆ.

ಚೀಲದ ವಿಧಾನ ಯಾಕೆ ಸಾಕಾಗುತ್ತದೆ ಎಂಬುದಕ್ಕೆ ಉತ್ತರ ಕಾಳಿನೊಳಗೇ ಇದೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಅದರೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ತಯಾರಾಗುತ್ತವೆ. ಮೊಳಕೆ ಉದ್ದವಾಗುವ ಮೊದಲೇ ಒಣಗಿಸಿದರೆ ಕಿಣ್ವ ಮತ್ತು ಪಿಷ್ಟ ಎರಡೂ ಉಳಿಯುತ್ತವೆ. ಅದೇ ಮಾಲ್ಟ್. ಮೊಳಕೆ ಬರಿಸಿದ ರಾಗಿಯ ಹಿಟ್ಟಿನ ಗಂಜಿ ಬರೀ ರಾಗಿ ಹಿಟ್ಟಿನ ಗಂಜಿಗಿಂತ ತೆಳ್ಳಗಾಗುವುದೂ, ಸ್ವಲ್ಪ ಸಿಹಿಯಾಗುವುದೂ ಇದೇ ಕಿಣ್ವದ ಕೆಲಸ; ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮಕ್ಕಳ ಆಹಾರಕ್ಕಾಗಿ ರಾಗಿ ಮಾಲ್ಟಿನ ಮೇಲೆ ಸಂಶೋಧನೆ ಮಾಡಿದ್ದು ಈ ಗುಣಕ್ಕಾಗಿಯೇ. ರಾಗಿಯನ್ನು ಕಪ್ಪಗಾಗುವಷ್ಟು ಹುರಿದರೆ ಕಿಣ್ವ ಸಾಯುತ್ತದೆ. ಬಾರ್ಲಿಯದೂ ಅದೇ ಕಥೆ, ಆದ್ದರಿಂದ ಕಪ್ಪು ಬಿಯರ್‌ನಲ್ಲೂ ಬಹುಪಾಲು ಕಾಳು ತಿಳಿಬಣ್ಣದ್ದೇ ಇರಬೇಕು, ಹುರಿದದ್ದು ಬಣ್ಣಕ್ಕೆ ಮತ್ತು ರುಚಿಗೆ ಮಾತ್ರ. ಕೆಲಸ ಮಾಡುವ ಕಿಣ್ವಗಳು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್‌ಗೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಿತ, ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆಯನ್ನು ಅದು ಕೊಡುತ್ತದೆ. ಆಲ್ಫಾ ಅಮೈಲೇಸ್ ಇನ್ನೂ ಬಿಸಿಯಾದ 70ರ ಸುತ್ತ ಚುರುಕಾಗಿರುತ್ತದೆ, ಅದು ಬಿಡುವ ಉದ್ದ ಸರಪಳಿಗಳಲ್ಲಿ ಕೆಲವನ್ನು ಯೀಸ್ಟ್ ಮುಟ್ಟುವುದಿಲ್ಲ, ಬಿಯರ್‌ಗೆ ಮೈ ಬರುವುದು ಅವುಗಳಿಂದ. 65ರಿಂದ 68 ಡಿಗ್ರಿಯ ನಡುವೆ ಒಂದು ಗಂಟೆ ನೆನೆಸುವುದು ಎರಡಕ್ಕೂ ಅವಕಾಶ ಕೊಡುವ ಹದ. ಈ ರಸಾಯನಕ್ಕೆ ಬೇಕಾದದ್ದು ಬಿಸಿ, ಹೊತ್ತು ಮತ್ತು ನೀರು. ತನ್ನ ಸುತ್ತ ಎಷ್ಟು ಪಾತ್ರೆಗಳಿವೆ ಎಂಬುದು ಕಿಣ್ವಕ್ಕೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಮೂರು ಪಾತ್ರೆಗಳು ಬಂದದ್ದು ಎಲ್ಲಿಂದ? ಅವು ಉತ್ತರಿಸುವುದು ಕಾರ್ಖಾನೆಯ ಪ್ರಶ್ನೆಗೆ. ಗಟ್ಟಿಯಾಗಿ ನೆನೆಸಿದ ಕಾಳಿನಿಂದ ರಸ ಹರಿಸಿಕೊಂಡ ಮೇಲೂ ಹೊಟ್ಟಿನಲ್ಲಿ ಸಕ್ಕರೆ ಅಂಟಿಕೊಂಡಿರುತ್ತದೆ. ಅದನ್ನು ಬಿಸಿನೀರಿನಿಂದ ನಿಧಾನವಾಗಿ ತೊಳೆದುಕೊಳ್ಳಲು ಪ್ರತ್ಯೇಕ ನೀರಿನ ಪಾತ್ರೆ, ಜಾಲರಿ ತಳ, ತಾಳ್ಮೆಯ ಹರಿವು ಬೇಕು. ದಿನಕ್ಕೆ ಟನ್‌ಗಟ್ಟಲೆ ಕಾಳು ಬಳಸುವವರಿಗೆ ನೂರಕ್ಕೆ ಒಂದು ಪಾಲು ಸಕ್ಕರೆ ಉಳಿದರೂ ದೊಡ್ಡ ಲಾಭ. ಮನೆಯಲ್ಲಿ ಈ ಲೆಕ್ಕ ಹಾಕಿ ನೋಡಿ. 23 ಲೀಟರ್ ಸಾಧಾರಣ ಏಲ್ ಬಗೆಯ ಬಿಯರ್‌ಗೆ, ಅಂದರೆ ಹೈಡ್ರೋಮೀಟರ್ 1.048 ತೋರಿಸುವಷ್ಟು ಸಿಹಿರಸಕ್ಕೆ, ಚೀಲದ ವಿಧಾನದಲ್ಲಿ ಕಾಳಿನ ಸಕ್ಕರೆಯ ಸುಮಾರು 73 ಶೇಕಡಾ ಕೈಗೆ ಸಿಕ್ಕರೆ 5 ಕೆ.ಜಿ. ಮಾಲ್ಟ್ ಬೇಕು. ಚೆನ್ನಾಗಿ ತೊಳೆದು 80 ಶೇಕಡಾ ಪಡೆಯುವವರಿಗೆ 4.6 ಕೆ.ಜಿ. ಸಾಕು. ಮೂರು ಪಾತ್ರೆ, ಪಂಪು, ಇನ್ನೊಂದು ತಾಸಿನ ದುಡಿಮೆ, ಇವೆಲ್ಲ ಉಳಿಸಿಕೊಡುವುದು ಅರ್ಧ ಕೆ.ಜಿ.ಗೂ ಕಡಿಮೆ ಕಾಳನ್ನು. ಅಷ್ಟನ್ನು ಹೆಚ್ಚಾಗಿ ತಂದರಾಯಿತು. ಅದೂ ಬೇಡವೆಂದರೆ ಕಾಳನ್ನು ಇನ್ನಷ್ಟು ನುಣ್ಣಗೆ ಒಡೆಸಬಹುದು. ಜಾಲರಿ ತಳದ ಪಾತ್ರೆಯಲ್ಲಿ ನುಣ್ಣಗಿನ ತರಿ ಕಟ್ಟಿಕೊಂಡು ರಸದ ಹರಿವೇ ನಿಂತುಬಿಡುತ್ತದೆ, ಹೊಸಬರನ್ನು ಕಂಗೆಡಿಸುವ ತೊಂದರೆ ಅದು. ಚೀಲದಲ್ಲಿ ಎಲ್ಲ ಕಡೆಯೂ ಜರಡಿಯೇ, ಹಾಗಾಗಿ ಆ ಭಯವಿಲ್ಲ. ನುಣ್ಣಗೆ ಒಡೆದಷ್ಟೂ ಪಿಷ್ಟ ಬೇಗ ಬಿಡುತ್ತದೆ, ಮೊದಲಿನ ನಷ್ಟದ ಬಹುಭಾಗ ಅಲ್ಲೇ ತುಂಬಿಕೊಳ್ಳುತ್ತದೆ.

ಕೆಲಸದ ದಿನವನ್ನು ಹತ್ತಿರದಿಂದ ನೋಡಿದರೆ ಲೆಕ್ಕ ಎಷ್ಟು ಸರಳವೆಂದು ತಿಳಿಯುತ್ತದೆ. ಕೊನೆಗೆ 23 ಲೀಟರ್ ಬೇಕು, ಒಂದು ಗಂಟೆ ಕುದಿಯುವಾಗ ಸುಮಾರು 4 ಲೀಟರ್ ಆವಿಯಾಗುತ್ತದೆ, 5 ಕೆ.ಜಿ. ಕಾಳು ಹಿಂಡಿದ ಮೇಲೂ 3 ಲೀಟರ್ ಇಟ್ಟುಕೊಳ್ಳುತ್ತದೆ. ಹಂಡೆಯ ತಳದ ಗಸಿಯಲ್ಲಿ 2 ಲೀಟರ್ ಹೋಗುತ್ತದೆ. ಒಟ್ಟು 32 ಲೀಟರ್ ನೀರು. ಕಾಳು ಸೇರಿದರೆ 35 ಲೀಟರ್ ದಾಟುವುದರಿಂದ 40 ಲೀಟರಿನ ಹಂಡೆಗಿಂತ ಚಿಕ್ಕದು ಆಗದು. ಚೀಲಕ್ಕೆ ಕಿಟಕಿ ಪರದೆಗೆ ಬಳಸುವ ವಾಯ್ಲ್ ಎಂಬ ತೆಳು ಪಾಲಿಯೆಸ್ಟರ್ ಬಟ್ಟೆ ಒಳ್ಳೆಯದು. ಬಾಯಿ ಹಂಡೆಯ ಅಂಚಿನ ಹೊರಗೆ ಮಡಚಿಕೊಳ್ಳುವಷ್ಟು ಅಗಲ, ಒಳಗೆ ಕಾಳು ಸಡಿಲವಾಗಿ ತೇಲುವಷ್ಟು ದೊಡ್ಡದು ಇರಬೇಕು. ಬಿಗಿಯಾದ ಚೀಲದಲ್ಲಿ ಕಾಳಿನ ನಡುಭಾಗಕ್ಕೆ ನೀರು ಮುಟ್ಟುವುದಿಲ್ಲ. ಬಟ್ಟೆ ನೇರವಾಗಿ ತಳಕ್ಕೆ ತಾಗಿ ಒಲೆಯ ಉರಿಗೆ ಕರಗದಂತೆ ಕೆಳಗೊಂದು ಸ್ಟೀಲ್ ಜಾಲರಿ ಇಡಬೇಕು. ನೀರನ್ನು 69ರಿಂದ 70 ಡಿಗ್ರಿಗೆ ಕಾಯಿಸಿ, ಕಾಳನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕಲಕಿದರೆ ಉಷ್ಣತೆ 66–67ಕ್ಕೆ ಇಳಿದು ನಿಲ್ಲುತ್ತದೆ. ಹಿಟ್ಟು ಉಂಡೆಕಟ್ಟಿದರೆ ಅದರೊಳಗಿನ ಪಿಷ್ಟ ಒಣಗಿಯೇ ಉಳಿಯುತ್ತದೆ, ಆದ್ದರಿಂದ ಅವನ್ನು ಒಡೆಯುವವರೆಗೆ ಕೈ ಬಿಡಬಾರದು. ಇಷ್ಟೊಂದು ನೀರಿರುವುದರ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ. ಗ್ಯಾರೇಜಿನಲ್ಲಿಟ್ಟ ಕಾಳು ಬೇಸಿಗೆಯಲ್ಲಿ 25 ಡಿಗ್ರಿ, ಮೆಲ್ಬರ್ನ್‌ನ ಚಳಿಗಾಲದಲ್ಲಿ 10 ಡಿಗ್ರಿ ಇರಬಹುದು. ಗಟ್ಟಿ ಮ್ಯಾಶ್‌ನಲ್ಲಿ, ಅಂದರೆ ಕಡಿಮೆ ನೀರಿನಲ್ಲಿ ನೆನೆಸಿದ ಕಾಳಿನಲ್ಲಿ, ಈ ವ್ಯತ್ಯಾಸ ಕೊನೆಯ ಉಷ್ಣತೆಯನ್ನು 2 ಡಿಗ್ರಿಯಷ್ಟು ಅಲುಗಿಸುತ್ತದೆ, ಇಲ್ಲಿ ಬರೀ 1 ಡಿಗ್ರಿ. ಒಲೆ ಆರಿಸಿ, ಮುಚ್ಚಳ ಹಾಕಿ, ಹಂಡೆಗೆ ದಪ್ಪ ಕಂಬಳಿ ಸುತ್ತಿದರೆ ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿಯಬಹುದು, ಅದರಿಂದ ಕೆಡುಕಿಲ್ಲ. ಕೆಲಸ ಮುಗಿದಿದೆಯೇ ಎಂದು ತಿಳಿಯಲು ಶಾಲೆಯಲ್ಲಿ ಕಲಿತ ಅಯೋಡಿನ್ ಪರೀಕ್ಷೆ ಸಾಕು: ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಒಂದು ಹನಿ ಅಯೋಡಿನ್. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ.

ಈಗ ಚೀಲ ಎತ್ತಿ ಹಿಂಡುವ ಘಟ್ಟ. ಈ ವಿಧಾನದ ಮೇಲೆ ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಬಂದದ್ದು ಇಲ್ಲೇ. ಹಿಂಡಿದರೆ ಹೊಟ್ಟಿನೊಳಗಿನ ಟ್ಯಾನಿನ್ ಹೊರಬಂದು ಬಿಯರ್ ಒಗರಾಗುತ್ತದೆ ಎಂಬ ಎಚ್ಚರಿಕೆಯನ್ನು ಅನುಭವಿಗಳೂ ಹೇಳುತ್ತಾರೆ. ಆದರೆ ಹೊಟ್ಟಿನಿಂದ ಟ್ಯಾನಿನ್ ಕರಗಿಬರುವುದಕ್ಕೆ ಕಾರಣ ಎರಡು: ರಸದ ಪಿಎಚ್ 6ರ ಹತ್ತಿರಕ್ಕೆ ಏರುವುದು, ಅದರ ಜೊತೆಗೆ ಉಷ್ಣತೆ 77 ಡಿಗ್ರಿ ದಾಟುವುದು. ಕೈಯ ಒತ್ತಡಕ್ಕೆ ಅದರಲ್ಲಿ ಪಾತ್ರವಿಲ್ಲ. ಕಾಳಿನಲ್ಲಿ ಉಳಿದಿರುವ ರಸ ಆಗಲೇ ಹಂಡೆಯಲ್ಲಿರುವ ರಸವೇ, ಹಿಂಡಿದಾಗ ಹೊರಬರುವುದೂ ಅದೇ. ಇದಕ್ಕೆ ಬಲವಾದ ಸಾಕ್ಷಿ ಸಿಗುವುದು ದೊಡ್ಡ ಕಾರ್ಖಾನೆಗಳಲ್ಲಿ. ಬೆಲ್ಜಿಯಂನ ಮೆಯುರಾ ಕಂಪನಿ ತಯಾರಿಸುವ ಮ್ಯಾಶ್ ಫಿಲ್ಟರ್‌ಗಳಲ್ಲಿ ಮಾಲ್ಟನ್ನು ಹೆಚ್ಚುಕಡಿಮೆ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಪಾಲಿಪ್ರೊಪಿಲಿನ್ ಬಟ್ಟೆಗಳ ನಡುವೆ ತುಂಬಿ, ಗಾಳಿ ಊದಿದ ಪೊರೆಗಳಿಂದ ಒತ್ತಿ ರಸ ತೆಗೆಯುತ್ತಾರೆ. ನುಣ್ಣಗಿನ ತರಿ, ಬಟ್ಟೆ, ಹಿಂಡುವಿಕೆ: ಚೀಲದ ವಿಧಾನವನ್ನು ಹಳಿಯುವವರು ಎತ್ತುವ ಮೂರೂ ದೋಷಗಳು ಅಲ್ಲಿ ಯಂತ್ರದ ಮೂಲತತ್ವವೇ ಆಗಿವೆ. ಅವರು ಕಾಳನ್ನು ನೀರಿನಿಂದ ತೊಳೆಯುವುದೂ ಉಂಟು ನಿಜ, ಅಷ್ಟು ದೊಡ್ಡ ಪ್ರಮಾಣಕ್ಕೆ ಅದು ಲಾಭ. ಆದರೆ ಒತ್ತಿ ತೆಗೆದದ್ದರಿಂದ ಬಿಯರ್ ಕೆಡುವಂತಿದ್ದರೆ ಆ ಯಂತ್ರಗಳಿಗೆ ಗಿರಾಕಿಗಳೇ ಇರುತ್ತಿರಲಿಲ್ಲ.

ಕೆಲವು ಆಕ್ಷೇಪಗಳನ್ನು ಮಾತ್ರ ಒಪ್ಪಬೇಕು. ಕಾಳಿನ ಅಳತೆಗೆ ನೀರು ಹೆಚ್ಚು ಇರುವುದರಿಂದ ನೀರಿನ ಕ್ಷಾರಗುಣವನ್ನು ತಗ್ಗಿಸುವ ಶಕ್ತಿ ಕಾಳಿಗೆ ಇಲ್ಲಿ ಕಡಿಮೆ. ಮೆಲ್ಬರ್ನ್‌ನ ಮೆದು ನೀರಿನಲ್ಲಿ ಇದು ದೊಡ್ಡ ಚಿಂತೆಯಾಗದು. ಅಡಿಲೇಡಿನಂಥ ಕಡೆ ತಿಳಿಬಣ್ಣದ ಬಿಯರ್ ಮಾಡುವವರು ಪಿಎಚ್ ಅಳೆದು, ಕೆಲವೇ ಮಿಲಿಲೀಟರ್ ಲ್ಯಾಕ್ಟಿಕ್ ಆಮ್ಲ ಸೇರಿಸಿ 5.3ರಿಂದ 5.5ರೊಳಗೆ ತರುವುದು ಒಳ್ಳೆಯದು. ಒಗರು ಬಂದರೆ ಹಿಂಡಿದ ಕೈಯನ್ನು ಬಿಟ್ಟು ಮೊದಲು ಶಂಕಿಸಬೇಕಾದದ್ದು ನೀರನ್ನು. ರಸ ಮಬ್ಬಾಗಿರುತ್ತದೆ ಎಂಬುದೂ ನಿಜ, ಆದರೆ ಕುದಿಯಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ, ಕೊನೆಯಲ್ಲಿ ಐರಿಷ್ ಮಾಸ್ ಎಂಬ ಒಣ ಕಡಲಪಾಚಿಯನ್ನು ಚಿಟಿಕೆ ಹಾಕಿದರೆ ಇನ್ನೂ ಬೇಗ. ಭಾರದ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ರಸ ಸುರಿಯುತ್ತಿರುವ ಚೀಲ 10 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಕೈ ಜಾರಿದರೆ ಸುಡುವ ರಸ ಮೈಮೇಲೆ ಬೀಳುತ್ತದೆ. ಮೇಲೊಂದು ರಾಟೆ, ಅಥವಾ ಹಂಡೆಯ ಬಾಯಿಗೆ ಅಡ್ಡಲಾಗಿ ಇಡುವ ಗಟ್ಟಿ ಜಾಲರಿ, ಮೊಣಕೈವರೆಗಿನ ಶಾಖನಿರೋಧಕ ಕೈಗವಸು, ಇವಿಲ್ಲದೆ ದೊಡ್ಡ ಹಂಡೆಗೆ ಕೈಹಾಕಬಾರದು. ಮಕ್ಕಳು ಹತ್ತಿರ ಸುಳಿಯಬಾರದು. ಮೊದಲ ಸಲ 10 ಲೀಟರಿಗೇ ಮಿತಿಗೊಳಿಸಿಕೊಂಡರೆ ಈ ಕಷ್ಟವೇ ಇಲ್ಲ: 2.2 ಕೆ.ಜಿ. ಮಾಲ್ಟ್, 15 ಲೀಟರ್ ನೀರು, 20 ಲೀಟರ್ ಪಾತ್ರೆ, ಅಡುಗೆಮನೆಯ ಗ್ಯಾಸ್ ಒಲೆ. ಇನ್ನು ಎಂಟು ಒಂಬತ್ತು ಶೇಕಡಾ ಮದ್ಯಾಂಶದ ಬಿಯರ್ ಬೇಕೆನ್ನುವವರಿಗೆ ಚೀಲ ಸೋಲುತ್ತದೆ. ಕಾಳು ಹೆಚ್ಚಾದಷ್ಟೂ ಅದರಲ್ಲಿ ಸಿಕ್ಕಿಬೀಳುವ ಸಕ್ಕರೆ ಹೆಚ್ಚು, ಹಂಡೆಯಲ್ಲಿ ಜಾಗವೂ ಸಾಲದು. ಮಾಡುವ ಬಿಯರ್‌ಗಳೆಲ್ಲ ಅಷ್ಟು ಗಡಸಾಗಿರಬೇಕೆಂದು ಬಯಸುವವರು ಮೂರು ಪಾತ್ರೆ ಕೊಳ್ಳಲಿ.

ಕುದಿ ಶುರುವಾದ ಮೇಲೆ ವಿಧಾನಗಳ ನಡುವೆ ಭೇದ ಉಳಿಯುವುದಿಲ್ಲ. ಕಹಿ ಕೊಡುವ ಆಲ್ಫಾ ಆಮ್ಲ 6 ಶೇಕಡಾ ಇರುವ ಹಾಪ್ಸ್ 40 ಗ್ರಾಂ ಮೊದಲಿಗೇ ಹಾಕಿ ಒಂದು ಗಂಟೆ ಕುದಿಸಿದರೆ 23 ಲೀಟರಿಗೆ ಹದವಾದ ಕಹಿ ಬರುತ್ತದೆ. ಪರಿಮಳಕ್ಕೆ ಬೇಕಾದ ಹಾಪ್ಸ್ ಕೊನೆಯ ನಿಮಿಷಗಳಲ್ಲಿ. ಮುಚ್ಚಳ ತೆರೆದೇ ಇರಬೇಕು, ಇಲ್ಲವಾದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಹಂಡೆಯಲ್ಲೇ ಉಳಿಯುತ್ತದೆ. ಆಮೇಲೆ ತಣಿಸುವುದು. ತಾಮ್ರದ ಸುರುಳಿಯಲ್ಲಿ ನಲ್ಲಿ ನೀರು ಹಾಯಿಸುವುದು ವಾಡಿಕೆ, ಅದಕ್ಕೆ ಹತ್ತಾರು ಲೀಟರ್ ನೀರು ಚರಂಡಿಗೆ ಹೋಗುತ್ತದೆ. 1990ರ ದಶಕದ ಕೊನೆಯಿಂದ 2009ರವರೆಗೆ ಆಗ್ನೇಯ ಆಸ್ಟ್ರೇಲಿಯಾ ದೀರ್ಘ ಬರಗಾಲ ಕಂಡಿತು, ನಗರಗಳಲ್ಲಿ ತೋಟಕ್ಕೆ ನೀರು ಹಾಕುವುದಕ್ಕೂ ನಿರ್ಬಂಧವಿತ್ತು. ಕುದಿಯುವ ರಸವನ್ನು ನೇರವಾಗಿ ಬಿಸಿ ತಡೆಯುವ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಗಾಳಿ ಹಿಂಡಿ ಮುಚ್ಚಿ, ರಾತ್ರಿಯಿಡೀ ತಾನಾಗಿ ತಣಿಯಲು ಬಿಡುವ ಪದ್ಧತಿ ಅಲ್ಲಿನ ಹವ್ಯಾಸಿಗಳಲ್ಲಿ ಹರಡಿದ್ದು ಆಶ್ಚರ್ಯವಲ್ಲ. ರಸದ ಬಿಸಿಯೇ ಕ್ಯಾನಿನ ಒಳಗೋಡೆಯನ್ನು ಶುದ್ಧ ಮಾಡುತ್ತದೆ. ಎರಡು ಎಚ್ಚರ ಬೇಕು. ರಸ ತುಂಬ ಹೊತ್ತು ಬಿಸಿಯಾಗಿರುವುದರಿಂದ ಕೊನೆಯಲ್ಲಿ ಹಾಕಿದ ಹಾಪ್ಸ್ ಕೂಡ ಕಹಿ ಬಿಡುತ್ತದೆ, ಅದಕ್ಕೆ ತಕ್ಕಂತೆ ಮೊದಲಿನ ಹಾಪ್ಸ್ ತಗ್ಗಿಸಬೇಕು. ಹುದುಗದ ರಸವನ್ನು ವಾರಗಟ್ಟಲೆ ಮುಚ್ಚಿಡಬಾರದು: ಗಾಳಿಯಿಲ್ಲದ, ಹುಳಿಯೇರದ ರಸದಲ್ಲಿ ಬಾಟ್ಯುಲಿಸಂ ವಿಷದ ಅಪಾಯ ಇದೆ. ಮರುದಿನವೇ ಯೀಸ್ಟ್ ಹಾಕಿಬಿಡಬೇಕು.

ಡಬ್ಬಿಯಿಂದ ಶುರುಮಾಡಿ ಎನ್ನುವವರ ವಾದಕ್ಕೆ ಉತ್ತರ ಬಾಕಿಯಿದೆ, ಅದು ಬಲವಾದ ವಾದವೇ. ಹೊಸಬರ ಬಿಯರ್ ಕೆಡುವುದು ಹೆಚ್ಚಾಗಿ ಹುದುಗುವಾಗ. ಶುಚಿತ್ವ ಮತ್ತು ಉಷ್ಣತೆಯ ಪಾಠವನ್ನು ಡಬ್ಬಿಯಿಂದಲೇ ಕಲಿಯಬಹುದಾದಾಗ ಕಾಳಿನ ಗೋಜು ಯಾಕೆ ಎಂದು ಅವರು ಕೇಳುತ್ತಾರೆ. ಪಾಠ ಯಾವುದೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಡಬ್ಬಿಯ ಬಿಯರ್ ತೆಳ್ಳಗಾದರೆ ಕಾರಣ ಸಕ್ಕರೆಯೋ, ಹಳೆಯ ರಸವೋ, ಯೀಸ್ಟೋ ಎಂದು ಹೊಸಬರಿಗೆ ತಿಳಿಯುವುದಿಲ್ಲ; ಮುಖ್ಯ ನಿರ್ಧಾರಗಳನ್ನೆಲ್ಲ ಬೇರೆಯವರು ಮೊದಲೇ ತೆಗೆದುಕೊಂಡಿರುತ್ತಾರೆ. ಕಾಳಿನಿಂದ ಮಾಡಿದಾಗ ಮ್ಯಾಶ್ ಎರಡು ಡಿಗ್ರಿ ಬಿಸಿಯಾದರೆ ಲೋಟದಲ್ಲಿ ಏನು ಬದಲಾಗುತ್ತದೆ ಎಂದು ನಾಲಿಗೆಯೇ ಹೇಳುತ್ತದೆ. ಇದಕ್ಕೆ ದುಬಾರಿ ಸಲಕರಣೆ ಬೇಕಿದ್ದ ಕಾಲದಲ್ಲಿ ಡಬ್ಬಿಯ ದಾರಿ ನ್ಯಾಯವಾಗಿತ್ತು. ಒಂದು ಹಂಡೆ, ಒಂದು ಚೀಲ ಸಾಕು ಎಂದಾದ ಮೇಲೆ ಆ ನ್ಯಾಯ ಉಳಿದಿಲ್ಲ. ಹುದುಗುವ ಘಟ್ಟವೇ ನಿರ್ಣಾಯಕ ಎನ್ನುವವರ ಮಾತಿನಿಂದ ನಿಜವಾಗಿ ಹೊರಡುವ ತೀರ್ಮಾನ ಬೇರೆ: ಮೂರು ಪಾತ್ರೆಗೆಂದು ಎತ್ತಿಟ್ಟ ಹಣವಿದ್ದರೆ ಅದನ್ನು ಹುದುಗಿಸುವುದಕ್ಕೆ ಖರ್ಚು ಮಾಡಬೇಕು. ಸಾಮಾನ್ಯ ಏಲ್ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಹುದುಗುವ ರಸ ತಾನೇ ಬಿಸಿ ಹುಟ್ಟಿಸಿಕೊಂಡು ಕೋಣೆಗಿಂತ ಕೆಲವು ಡಿಗ್ರಿ ಮೇಲಿರುತ್ತದೆ, ಬ್ರಿಸ್ಬೇನಿನ ಬೇಸಿಗೆಯಲ್ಲಿ ಅದು ಸುಲಭವಾಗಿ 30 ದಾಟುತ್ತದೆ; ಆಗ ಹುಟ್ಟುವ ಖಾರ, ದ್ರಾವಕದ ವಾಸನೆಯನ್ನು ಎಂಥ ಮಾಲ್ಟೂ ಮರೆಮಾಚಲಾರದು. ಒಂದು ಹಳೆಯ ಫ್ರಿಜ್, ಅದರ ಪ್ಲಗ್ಗಿಗೆ ಸಿಕ್ಕಿಸುವ ಥರ್ಮೋಸ್ಟಾಟ್, ತೊಳೆಯಬೇಕಿಲ್ಲದ ಫಾಸ್ಫಾರಿಕ್ ಆಮ್ಲದ ಸ್ಯಾನಿಟೈಸರ್, ಒಂದು ಹೈಡ್ರೋಮೀಟರ್, 11.5 ಗ್ರಾಂ ಒಣ ಯೀಸ್ಟ್‌ನ ತಾಜಾ ಪೊಟ್ಟಣ. ಹಣ ಹೋಗಬೇಕಾದದ್ದು ಇವುಗಳಿಗೆ.

ಎರಡು ವಾರದ ಹೊತ್ತಿಗೆ 1.048 ಇದ್ದ ಹೈಡ್ರೋಮೀಟರ್ 1.011ರ ಸುಮಾರಿಗೆ ಇಳಿದಿರುತ್ತದೆ, ಮದ್ಯಾಂಶ ಐದು ಶೇಕಡಾಕ್ಕೆ ತುಸು ಕಡಿಮೆ. ಎರಡು ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಅಂಕಿ ಅಲ್ಲೇ ನಿಂತಿದ್ದರೆ ಮಾತ್ರ ಬಾಟಲಿಗೆ ತುಂಬಬಹುದು. ನೊರೆಗಾಗಿ ಲೀಟರಿಗೆ 6–7 ಗ್ರಾಂ, ಒಟ್ಟು 140ರಿಂದ 160 ಗ್ರಾಂ ಸಕ್ಕರೆಯನ್ನು ಕುದಿಸಿದ ನೀರಿನಲ್ಲಿ ಕರಗಿಸಿ ಬೆರೆಸಬೇಕು. ಹುದುಗು ಮುಗಿಯುವ ಮೊದಲೇ ತುಂಬಿದ ಗಾಜಿನ ಬಾಟಲಿ ಒತ್ತಡ ತಾಳದೆ ಸಿಡಿಯುತ್ತದೆ, ಚೂರುಗಳು ಕಣ್ಣಿಗೆ ಬಡಿದ ಅಪಘಾತಗಳು ಈ ಹವ್ಯಾಸದಲ್ಲಿ ನಡೆದಿವೆ. ಮೊದಲ ಸಲ ಮಾಡುವವರು ಗಾಜು ಬಿಟ್ಟು ಬಿಯರ್‌ಗೆಂದೇ ಮಾರುವ ದಪ್ಪ ಪ್ಲಾಸ್ಟಿಕ್ ಬಾಟಲಿ ಬಳಸಲಿ. ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ಒಳಗೆ ಗ್ಯಾಸ್ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಕಲ್ಲಿನಷ್ಟು ಗಟ್ಟಿಯಾದರೆ ಕೂಡಲೇ ಫ್ರಿಜ್ಜಿಗೆ ಹಾಕಿ, ತಣ್ಣಗಾದ ಮೇಲೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು.